ಸರ್ಕ್ಲಿಪ್‌ಗೂ ಮುಖ, ಬೆನ್ನು!

ಬೆರಳ ತುದಿಯಲ್ಲಿ ಕೂರುವ ಉಕ್ಕಿನ ಬಳೆ. ಕಳಚಿತೆಂದರೆ ಟ್ರ್ಯಾಕ್ಟರೇ ಹೊಲದ ನಡುವೆ ನಿಂತೀತು! ಯಾವುದು ಹೇಳಿ?

ಸರ್ಕ್ಲಿಪ್! ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಎಲ್ಲಿನ ಟ್ರ್ಯಾಕ್ಟರ್ ಗ್ಯಾರೇಜಿಗೆ ಹೋದರೂ ಸಿಗುತ್ತದೆ. ಟ್ರ್ಯಾಕ್ಟರಿನಿಂದ ರೋಟಾವೇಟರನ್ನು ತಿರುಗಿಸುವ ಶಾಫ್ಟಿನ ಕೀಲಿಗೆ, ಅಂದರೆ ಕ್ರಾಸಿಗೆ, ಹಾಕುವಂಥದ್ದೊಂದು ಕೈಗೆ ತಗೊಳ್ಳಿ. ಎರಡೂ ಬದಿ ಒಂದೇ ಅಲ್ಲವೇ?

ಅಲ್ಲ! ಅಂಚಿನ ಮೇಲೆ ಹೆಬ್ಬೆರಳ ಉಗುರು ಎಳೆಯಿರಿ. ನುಣ್ಣಗೆ ಜಾರಿತು. ತಿರುವಿ ಹಾಕಿ ಮತ್ತೆ ಎಳೆಯಿರಿ. ಸಿಕ್ಕಿಕೊಂಡಿತು!

ಈ ಬಳೆಯನ್ನು ಉಕ್ಕಿನ ತಗಡಿನಿಂದ ಪ್ರೆಸ್ಸಿನಲ್ಲಿ ಒತ್ತಿ ಕತ್ತರಿಸುತ್ತಾರೆ. ಆ ಏಟಿಗೆ ಒಂದು ಬದಿಯ ಅಂಚು ದುಂಡಗಾಗುತ್ತದೆ, ಇನ್ನೊಂದು ಬದಿಯದು ಚೂಪಾಗುತ್ತದೆ. ಕಣ್ಣಿಗೆ ಕಾಣದ್ದು ಉಗುರಿಗೆ ಗೊತ್ತಾಗುತ್ತದೆ!

ಈಗ ಊಹಿಸಿ. ಚೂಪು ಬದಿ ಎತ್ತ ಇರಬೇಕು? ಒಳಗೆ, ಬೇರಿಂಗ್ ಕಪ್ಪಿನ ಕಡೆಗೋ? ಹೊರಗೋ?

ಹೊರಗೆ! ಬೇರಿಂಗ್ ಕಪ್ ಈ ಬಳೆಯನ್ನು ಹೊರಕ್ಕೆ ನೂಕುತ್ತಲೇ ಇರುತ್ತದೆ. ಬಳೆ ತಾನು ಕೂತ ಗ್ರೂವಿನ ಹೊರಗೋಡೆಗೆ ಆನಿಕೊಳ್ಳುತ್ತದೆ. ಚೂಪು ಮೂಲೆ ಅಲ್ಲಿದ್ದರೆ ಗಟ್ಟಿಯಾಗಿ ಕಚ್ಚಿ ಹಿಡಿಯುತ್ತದೆ. ದುಂಡು ಮೂಲೆ ಇದ್ದರೆ? ಹತ್ತಿ ಜಾರಲು ದಾರಿ ಮಾಡಿಕೊಟ್ಟಂತೆ! ಡೋಣಿ ಹೊಳೆ ದಂಡೆಯ ಎರೆಹೊಲದ ಹೆಂಟೆ ಒಡೆಯುವಾಗ ಆ ಶಾಫ್ಟ್ ನಿಮಿಷಕ್ಕೆ 540 ಸುತ್ತು ಹಾಕುತ್ತಿರುತ್ತದೆ, ನೆನಪಿರಲಿ.

ನಿಲ್ಲಿ, ನಿಜವಾದ ಬೆರಗು ಎಂಜಿನ್ನಿನೊಳಗಿದೆ!

ಪಿಸ್ಟನ್ ಪಿನ್ನಿನ ಎರಡೂ ತುದಿಗೆ ಒಂದೊಂದು ಸರ್ಕ್ಲಿಪ್. ಬಹಳಷ್ಟು ಸಲ ಅದು ದುಂಡು ತಂತಿಯದು. ಅದಕ್ಕೆ ಮುಖವೂ ಇಲ್ಲ, ಬೆನ್ನೂ ಇಲ್ಲ. ಹಾಗಾದರೆ ಹೇಗೆ ಹಾಕಿದರೂ ನಡೆದೀತೇ? ಇಲ್ಲ! ಅದರ ಎರಡು ತುದಿಗಳ ನಡುವಿನ ಬಾಯಿ ಎತ್ತ ಇದೆ ಎಂಬುದೇ ಮುಖ್ಯ.

ಲೆಕ್ಕ ಹಾಕೋಣ. ಎಂಜಿನ್ 2200 ಆರ್‌ಪಿಎಂ, ಸ್ಟ್ರೋಕ್ 120 ಮಿಲಿಮೀಟರ್ ಎನ್ನಿ. ಪಿಸ್ಟನ್ ಮೇಲೆ ಹೋಗಿ ನಿಂತು, ಕೆಳಗೆ ಬಂದು ನಿಂತು ದಿಕ್ಕು ಬದಲಿಸುತ್ತದೆ. ಸೆಕೆಂಡಿಗೆ ಎಷ್ಟು ಸಲ? ಹತ್ತು? ಇಪ್ಪತ್ತು? 73 ಸಲ! ಮೇಲಿನ ತಿರುವಿನಲ್ಲಿ ಬಳೆಯನ್ನು ಎಳೆಯುವ ಬಲ ಅದರ ತೂಕದ 300 ಪಟ್ಟಿಗೂ ಹೆಚ್ಚು. 2 ಗ್ರಾಂ ಬಳೆ ಅರೆಕ್ಷಣ ಅರ್ಧ ಕಿಲೋಗಿಂತ ಭಾರ!

ಬಾಯಿ ಪಕ್ಕಕ್ಕಿದ್ದರೆ ಆ ಎಳೆತಕ್ಕೆ ತುದಿಗಳು ಬಾಗಿ ಬಾಗಿ ಬಳೆಯ ಹಿಡಿತ ಸಡಿಲವಾಗುತ್ತದೆ. ಅದಕ್ಕೇ ಬಾಯಿಯನ್ನು ನೇರ ಮೇಲಕ್ಕೆ, ಇಲ್ಲವೇ ನೇರ ಕೆಳಕ್ಕೆ ಇಡುತ್ತಾರೆ. ಕಂಪನಿಯ ಕೈಪಿಡಿ ಬೇರೆ ಹೇಳಿದ್ದರೆ ಅದೇ ಸರಿ. ಬಿಚ್ಚಿದ ಹಳೆಯದನ್ನು ಮತ್ತೆ ಹಾಕಲೇಬೇಡಿ. ಸಿಡಿದು ಬಂದರೆ ಸಿಲಿಂಡರಿನ ಗೋಡೆಯನ್ನೇ ಗೀರಿ ಹಾಕುತ್ತದೆ!

ಒಟ್ಟು ಎಷ್ಟು ಬಳೆ, ಎಣಿಸಿ. ಮೂರು ಸಿಲಿಂಡರಿಗೆ 6. ರೋಟಾವೇಟರ್ ಶಾಫ್ಟಿನ ಎರಡು ಕ್ರಾಸಿಗೆ 8. ಆಗಲೇ 14! ಗೇರ್‌ಬಾಕ್ಸ್ ಇನ್ನೂ ಬಿಚ್ಚೇ ಇಲ್ಲ!