ಯಂತ್ರಕ್ಕೆ ಲಕ್ಷ ಲಕ್ಷ, ಕಂಪ್ಯೂಟರಿಗೆ ಅಲಕ್ಷ್ಯ!
ಕ್ಯಾಮ್ ತಂತ್ರಾಂಶ, ಅದರ ಎಎಂಸಿ: ನಾಗಪುರದ ವರ್ಕ್‌ಶಾಪ್ ಮಾಲಕರು ಗಮನಿಸಬೇಕಾದ ಸಂಗತಿಗಳು

ನಾಗಪುರ: ಇಲ್ಲಿನ ದಕ್ಷಿಣ ಅಂಬಾಝರಿ ರಸ್ತೆಯಲ್ಲಿ ಸಾಗುವ ಕನ್ನಡಿಗರು ಒಂದು ಕ್ಷಣ ತಲೆಯೆತ್ತಿ ನೋಡುವ ಹೆಸರೊಂದಿದೆ. 1960ರಲ್ಲಿ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜಾಗಿ ಆರಂಭಗೊಂಡು, 2002ರಲ್ಲಿ ಎನ್‌ಐಟಿ ದರ್ಜೆಗೇರಿದ ಸಂಸ್ಥೆ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತು ನಿಂತಿದೆ. ಪುಣೆಯಲ್ಲಿ ಓದಿ, ಅಂದಿನ ಮುಂಬಯಿ ಸರಕಾರದ ಸೇವೆಯಲ್ಲಿದ್ದಾಗಲೇ ಖಡಕ್‌ವಾಸ್ಲಾ ಅಣೆಕಟ್ಟೆಗೆ ಸ್ವಯಂಚಾಲಿತ ಬಾಗಿಲು ರೂಪಿಸಿದ ಆ ಹಿರಿಯರು ಲೆಕ್ಕಾಚಾರವಿಲ್ಲದೆ ಯಾವ ಕೆಲಸಕ್ಕೂ ಕೈಹಾಕಿದವರಲ್ಲ. ಅವರ ನಾಡಿನಿಂದ ಬಂದು ಇಲ್ಲಿ ಲೇತ್, ಮಿಲ್ಲಿಂಗ್ ಯಂತ್ರಗಳನ್ನು ನಂಬಿ ಬದುಕು ಕಟ್ಟಿಕೊಂಡವರು ಇಂದು ಅದೇ ಲೆಕ್ಕಾಚಾರವನ್ನು ಒಂದು ಕಂಪ್ಯೂಟರಿನ ವಿಚಾರದಲ್ಲಿ ಮಾಡಬೇಕಾಗಿ ಬಂದಿದೆ.

ಹಿಂಗಣಾ ಮತ್ತು ಬುಟಿಬೋರಿ ಎಂಐಡಿಸಿಗಳ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಸಿಎನ್‌ಸಿ ಯಂತ್ರ ಈಗ ಅಪರೂಪದ್ದಲ್ಲ. ಆದರೆ ಆ ಯಂತ್ರ ತಾನಾಗಿ ಏನನ್ನೂ ಅರಿಯದು. ಗ್ರಾಹಕರು ಕಳುಹಿಸಿದ ವಿನ್ಯಾಸವನ್ನು ಓದಿ, ಯಾವ ಟೂಲ್ ಎಲ್ಲಿ, ಎಷ್ಟು ಆಳಕ್ಕೆ, ಯಾವ ವೇಗದಲ್ಲಿ ಸಾಗಬೇಕೆಂಬ ಹಾದಿಯನ್ನು ಹಾಕಿಕೊಡುವುದು ಕ್ಯಾಮ್ ತಂತ್ರಾಂಶ. ಆ ಹಾದಿಯನ್ನು ಆಯಾ ಯಂತ್ರಕ್ಕೆ ತಿಳಿಯುವ ಜಿ-ಕೋಡ್ ಆಗಿ ಬದಲಾಯಿಸುವುದು ಪೋಸ್ಟ್ ಪ್ರೊಸೆಸರ್. ಫ್ಯಾನುಕ್ ಕಂಟ್ರೋಲ್‌ಗೆ ಬರೆದ ಪೋಸ್ಟ್ ಸೀಮೆನ್ಸ್ ಕಂಟ್ರೋಲ್‌ಗೆ ಹೊಂದುವುದಿಲ್ಲ. ಪೋಸ್ಟ್‌ನಲ್ಲಿ ಒಂದು ಸಾಲು ತಪ್ಪಿದರೂ ಟೂಲ್ ಹೋಗಿ ವೈಸ್‌ಗೆ ಬಡಿದು, ಸ್ಪಿಂಡಲ್ ಕೆಡುವ ಅಪಾಯವಿದೆ.

ಹೀಗಿದ್ದರೂ ಬ್ಯಾಂಕ್ ಸಾಲ ಮಾಡಿ ಲಕ್ಷಾಂತರ ರೂಪಾಯಿಯ ಯಂತ್ರ ತರುವವರು ಕಂಪ್ಯೂಟರಿನ ವಿಷಯ ಬಂದಾಗ ಮನೆಯಲ್ಲಿದ್ದ ಹಳೆಯದನ್ನೇ ತಂದಿಡುವುದುಂಟು. ತಂತ್ರಾಂಶದ ವಾರ್ಷಿಕ ನಿರ್ವಹಣಾ ಒಪ್ಪಂದ, ಅಂದರೆ ಎಎಂಸಿ, ಎರಡನೆಯ ವರ್ಷವೇ ನಿಂತುಹೋಗುವುದೂ ಉಂಟು. ಇವೆರಡನ್ನೂ ಬೇರೆ ಬೇರೆ ಖರ್ಚೆಂದು ಭಾವಿಸುವುದೇ ಮೊದಲ ತಪ್ಪು.

ಎರಡೂ ಒಂದೇ ಗಂಟು

ಈ ಗಂಟು ಹೇಗೆ ಬಿಗಿಯುತ್ತದೆ ಎಂಬುದಕ್ಕೆ ಇತ್ತೀಚಿನ ಉದಾಹರಣೆಯೇ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕಾಗಿರುವುದರಿಂದ ಅನೇಕ ಹಳೆಯ ಕಂಪ್ಯೂಟರುಗಳು ಅದಕ್ಕೆ ಅರ್ಹವಲ್ಲ. ಒಂದು ದಿನ ಹಳೆಯ ಕಂಪ್ಯೂಟರ್ ಕೈಕೊಟ್ಟಿತೆಂದುಕೊಳ್ಳೋಣ. ಅಂಗಡಿಯಿಂದ ಬರುವ ಹೊಸತರಲ್ಲಿ ವಿಂಡೋಸ್ 11 ಇರುತ್ತದೆ. ಏಳೆಂಟು ವರ್ಷ ಹಳೆಯ ಕ್ಯಾಮ್ ಆವೃತ್ತಿ ಅದರಲ್ಲಿ ಸರಿಯಾಗಿ ನಡೆದೀತೆಂಬ ಭರವಸೆಯಿಲ್ಲ. ಹಳೆಯ ಕಂಪ್ಯೂಟರಿಗೆ ಕಟ್ಟಿದ ಲೈಸೆನ್ಸನ್ನು ಹೊಸತಕ್ಕೆ ಬದಲಾಯಿಸಿಕೊಡಲು ಮಾರಾಟಗಾರರ ಸಹಾಯ ಬೇಕು. ಎಎಂಸಿ ಇಲ್ಲದವರಿಗೆ ಆ ಸಹಾಯ ಸುಲಭವಾಗಿ ಸಿಗದು. ಬಿಟ್ಟುಹೋದ ವರ್ಷಗಳ ಬಾಕಿಯನ್ನೋ ದಂಡವನ್ನೋ ತೆತ್ತ ಮೇಲೆಯೇ ಎಎಂಸಿ ಪುನಃ ಆರಂಭಿಸುವ ನಿಯಮ ಹಲವು ಕಂಪೆನಿಗಳಲ್ಲಿದೆ. ಅಷ್ಟರವರೆಗೆ ಯಂತ್ರ ಸುಮ್ಮನೆ ನಿಲ್ಲುತ್ತದೆ, ಬ್ಯಾಂಕಿನ ಕಂತು ನಿಲ್ಲುವುದಿಲ್ಲ.

ಲೆಕ್ಕಕ್ಕಾಗಿ ಒಂದು ಅಂದಾಜು ಇಟ್ಟುಕೊಳ್ಳಬಹುದು. ಎರಡು ಯಂತ್ರ, ಗಂಟೆಗೆ 600 ರೂ. ದರ, ದಿನಕ್ಕೆ ಎರಡು ಪಾಳಿಯಂತೆ 16 ಗಂಟೆ ಕೆಲಸ ಎಂದಾದರೆ ದಿನಕ್ಕೆ 19,200 ರೂ. ಆಯಿತು. ಐದು ದಿನ ಕೆಲಸ ನಿಂತರೆ 96,000 ರೂ. ನಷ್ಟ. ತಂತ್ರಾಂಶದ ಬೆಲೆ 5 ಲಕ್ಷವಿದ್ದು, ಎಎಂಸಿ ದರ ಶೇ. 15 ಎಂದು ಹಿಡಿದರೆ 75,000 ರೂ.; ಶೇ. 18 ಜಿಎಸ್‌ಟಿ ಸೇರಿ 88,500 ರೂ. ಪ್ರತಿಯೊಬ್ಬರೂ ತಮ್ಮ ತಮ್ಮ ಅಂಕಿಗಳನ್ನು ಹಾಕಿ ಈ ಲೆಕ್ಕ ಮಾಡಿ ನೋಡುವುದು ಒಳ್ಳೆಯದು. ಉತ್ತರ ಎಲ್ಲರಿಗೂ ಒಂದೇ ಬರಬೇಕೆಂದಿಲ್ಲ.

ಎಂತಹ ಕಂಪ್ಯೂಟರ್ ಬೇಕು?

ಕ್ಯಾಮ್ ಕೆಲಸಕ್ಕೆ ಅತ್ಯಂತ ದುಬಾರಿ ಕಂಪ್ಯೂಟರೇ ಆಗಬೇಕೆಂದಿಲ್ಲ. ಟೂಲ್ ಹಾದಿಯ ಲೆಕ್ಕದಲ್ಲಿ ಸಾಕಷ್ಟು ಭಾಗ ಒಂದರ ನಂತರ ಒಂದು ಹಂತವಾಗಿ ನಡೆಯುವುದರಿಂದ, ಪ್ರೊಸೆಸರಿನಲ್ಲಿ ಹೆಚ್ಚು ಕೋರ್‌ಗಳಿರುವುದಕ್ಕಿಂತ ಒಂದೊಂದು ಕೋರ್‌ನ ವೇಗ ಮುಖ್ಯ. ಸಾಮಾನ್ಯ ಪ್ಲೇಟ್, ಪಾಕೆಟ್, ಡ್ರಿಲ್ಲಿಂಗ್ ಕೆಲಸಕ್ಕೆ 16 ಜಿಬಿ ಮೆಮೊರಿ ಸಾಕು. ಡೈ, ಮೋಲ್ಡ್‌ಗಳ ವಕ್ರ ಮೇಲ್ಮೈ ಕೆಲಸಕ್ಕೆ 32 ಜಿಬಿ ಇರುವುದು ಕ್ಷೇಮ. ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಇರಲೇಬೇಕು.

ಗ್ರಾಫಿಕ್ಸ್ ಕಾರ್ಡಿನ ಬಗ್ಗೆ ಅಂಗಡಿಯವರ ಮಾತಿಗಿಂತ ತಂತ್ರಾಂಶ ಕಂಪೆನಿಯ ಪ್ರಮಾಣಿತ ಪಟ್ಟಿಯನ್ನು ನಂಬಬೇಕು. ಪರದೆಯ ಮೇಲೆ ಜಾಬ್ ತಿರುಗಿಸಿ ನೋಡಲು, ಸಿಮ್ಯುಲೇಶನ್ ನಡೆಸಲು ಕಾರ್ಡ್ ಬೇಕು. ಆದರೆ ಅತಿ ದುಬಾರಿ ಕಾರ್ಡ್ ಹಾಕಿದರೆ ಟೂಲ್ ಹಾದಿಯ ಲೆಕ್ಕವೂ ಅಷ್ಟೇ ವೇಗವಾಗುತ್ತದೆಂಬುದು ತಪ್ಪು ಕಲ್ಪನೆ. ಆ ಹಣದಲ್ಲಿ ಒಂದು ಒಳ್ಳೆಯ ಆನ್‌ಲೈನ್ ಯುಪಿಎಸ್ ಬರುತ್ತದೆ.

ನಾಗಪುರದ ಮೇ ತಿಂಗಳನ್ನು ಕಂಡವರಿಗೆ ಇನ್ನೊಂದು ಮಾತನ್ನು ಹೇಳಬೇಕಾಗಿಲ್ಲ. ಉಷ್ಣಾಂಶ 45 ಡಿಗ್ರಿ ದಾಟುವ ಊರಿನಲ್ಲಿ ತಗಡಿನ ಶೆಡ್ಡಿನೊಳಗಿಟ್ಟ ಲ್ಯಾಪ್‌ಟಾಪ್ ಬಿಸಿಯೇರಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಕೂಲೆಂಟ್ ಆವಿ, ಲೋಹದ ಧೂಳು ಫ್ಯಾನಿನೊಳಗೆ ಸೇರಿದರೆ ಮತ್ತಷ್ಟು ಕೇಡು. ಆದುದರಿಂದ ಡೆಸ್ಕ್‌ಟಾಪ್ ಕೊಂಡು, ಅದಕ್ಕೊಂದು ಪ್ರತ್ಯೇಕ ಸಣ್ಣ ಕೋಣೆ ಮಾಡಿಕೊಡುವುದು ಜಾಣತನ.

ಸಹಿಗೆ ಮುನ್ನ ಕೇಳಬೇಕಾದುದು

ಎಎಂಸಿ ಎಂದರೆ ಬರೀ ಹೊಸ ಆವೃತ್ತಿ ಎಂದು ತಿಳಿದವರೇ ಹೆಚ್ಚು. ಪೋಸ್ಟ್ ತಿದ್ದುಪಡಿ ಅದರಲ್ಲಿ ಸೇರಿದೆಯೇ, ತೊಂದರೆಯಾದಾಗ ನಾಗಪುರಕ್ಕೆ ಜನ ಬರುತ್ತಾರೆಯೇ ಅಥವಾ ಫೋನಿನಲ್ಲಷ್ಟೇ ಉತ್ತರವೇ, ಹೊಸ ಹುಡುಗ ಕೆಲಸಕ್ಕೆ ಸೇರಿದರೆ ತರಬೇತಿ ಉಂಟೇ, ಡಾಂಗಲ್ ಕಳೆದುಹೋದರೆ ಏನು ಎಂಬುದನ್ನೆಲ್ಲ ಲಿಖಿತವಾಗಿ ಪಡೆಯಬೇಕು. ಬೆರಳುದ್ದದ ಡಾಂಗಲ್ ಕಳೆದರೆ ಇಡೀ ತಂತ್ರಾಂಶವನ್ನೇ ಮತ್ತೆ ಕೊಳ್ಳಬೇಕೆನ್ನುವ ಒಪ್ಪಂದಗಳೂ ಇವೆ. ಅಂತಹ ಕಡೆ ಅದನ್ನು ವಿಮೆಯ ಪಟ್ಟಿಗೆ ಸೇರಿಸುವ ಬಗ್ಗೆ ವಿಚಾರಿಸಬೇಕು.

ಕಂಪೆನಿಗಳ ಧೋರಣೆಯೂ ಬದಲಾಗುತ್ತಿರುತ್ತದೆ. ಪವರ್‌ಮಿಲ್ ತಯಾರಿಸುತ್ತಿದ್ದ ಡೆಲ್‌ಕ್ಯಾಮ್ 2014ರಲ್ಲಿ ಆಟೊಡೆಸ್ಕ್ ಪಾಲಾಯಿತು. ಆಟೊಡೆಸ್ಕ್ 2016ರಲ್ಲಿ ತನ್ನ ಹೆಚ್ಚಿನ ತಂತ್ರಾಂಶಗಳ ಹೊಸ ಶಾಶ್ವತ ಲೈಸೆನ್ಸ್ ಮಾರಾಟ ನಿಲ್ಲಿಸಿ ಚಂದಾ ಪದ್ಧತಿಗೆ ಹೊರಳಿತು. 2021ರಲ್ಲಿ ಹಳೆಯ ಲೈಸೆನ್ಸ್‌ದಾರರ ನಿರ್ವಹಣಾ ಯೋಜನೆಗೂ ತೆರೆ ಎಳೆಯಿತು. ಮಾಸ್ಟರ್‌ಕ್ಯಾಮ್ ಕಂಪೆನಿಯನ್ನು ಅದೇ ವರ್ಷ ಸ್ವೀಡನ್ನಿನ ಸ್ಯಾಂಡ್‌ವಿಕ್ ಕೊಂಡಿತು. ಶಾಶ್ವತ ಲೈಸೆನ್ಸ್ ಇದ್ದರೆ ಎಎಂಸಿ ನಿಂತರೂ ಕೈಯಲ್ಲಿರುವ ಆವೃತ್ತಿ ಉಳಿಯುತ್ತದೆ. ಚಂದಾ ಪದ್ಧತಿಯಲ್ಲಿ ಹಣ ನಿಂತ ದಿನ ಕೆಲಸವೂ ನಿಂತೀತು.

ಎಲ್ಲರಿಗೂ ಎಎಂಸಿ ಅನಿವಾರ್ಯವೆಂದಲ್ಲ. ವರ್ಷವಿಡೀ ಅದೇ ಹತ್ತು ಜಾಬ್‌ಗಳನ್ನು ಮಾಡುವವರಿಗೆ, ಕಾಗದದ ಡ್ರಾಯಿಂಗ್ ಅಥವಾ ಸ್ಟೆಪ್ ಫೈಲ್ ಸಾಕಾಗುವವರಿಗೆ, ಇಂಟರ್‌ನೆಟ್ ಜೋಡಿಸದ ಹಳೆಯ ಕಂಪ್ಯೂಟರ್, ಹಳೆಯ ಆವೃತ್ತಿ ಕೆಲವು ಕಾಲ ನಡೆದೀತು. ಆದರೆ ಅಂಥವರು ಪೋಸ್ಟ್, ಟೂಲ್ ಪಟ್ಟಿ, ಪ್ರೋಗ್ರಾಂಗಳ ಪ್ರತಿಗಳನ್ನು ಎರಡು ಕಡೆ ಜೋಪಾನ ಮಾಡಿರಬೇಕು. ದೊಡ್ಡ ಕಂಪೆನಿಗಳಿಗೆ ಕೆಲಸ ಮಾಡುವವರ ಮಾತು ಬೇರೆ. ಮಿಹಾನ್‌ನಲ್ಲಿ 2017ರಲ್ಲಿ ಶಂಕುಸ್ಥಾಪನೆಗೊಂಡ ಕಾರ್ಖಾನೆಯಲ್ಲಿ ಫ್ರಾನ್ಸಿನ ಡಸಾಲ್ಟ್ ಏವಿಯೇಷನ್‌ನ ಫಾಲ್ಕನ್ ವಿಮಾನಗಳ ಭಾಗಗಳು ತಯಾರಾಗುತ್ತಿವೆ. ಕಾಟಿಯಾ ತಂತ್ರಾಂಶ 1970ರ ದಶಕದಲ್ಲಿ ಹುಟ್ಟಿದ್ದೂ ಅದೇ ಕಂಪೆನಿಯಲ್ಲಿ. ಅಂತಹ ಕಡೆಯಿಂದ ಹೊಸ ಆವೃತ್ತಿಯ ಫೈಲ್ ಬಂದಾಗ ಹಳೆಯ ತಂತ್ರಾಂಶಕ್ಕೆ ಅದು ತೆರೆಯದಿದ್ದರೆ, ಕೆಲಸ ಪಕ್ಕದ ಶೆಡ್ಡಿಗೆ ಹೋಗುತ್ತದೆ.

ಕದ್ದ ಪ್ರತಿಯ ಮೋಹ ಮಾತ್ರ ಬೇಡ. ಗೊತ್ತಿದ್ದೂ ಅಕ್ರಮ ಪ್ರತಿ ಬಳಸಿದರೆ ಕೃತಿಸ್ವಾಮ್ಯ ಕಾಯಿದೆಯ 63ಬಿ ವಿಧಿಯಂತೆ ಏಳು ದಿನಗಳಿಂದ ಮೂರು ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷ ರೂ.ವರೆಗೆ ದಂಡ ವಿಧಿಸಬಹುದು. ಇನ್ನೊಂದೆಡೆ, ನ್ಯಾಯವಾಗಿ ಕೊಂಡ ತಂತ್ರಾಂಶದ ಜಿಎಸ್‌ಟಿಯನ್ನು ನೋಂದಾಯಿತ ಉದ್ಯಮಿಗಳು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯುವ ಅವಕಾಶವಿದೆ.

ಕನ್ನಡ ಸಂಘಗಳ ಸಭೆಗಳಲ್ಲಿ ಯಕ್ಷಗಾನ, ನಾಟಕ, ಹಬ್ಬಗಳ ಜೊತೆಗೆ ಇಂತಹ ಮಾತುಕತೆಗೂ ಒಂದು ಭಾನುವಾರ ಮೀಸಲಿಟ್ಟರೆ ತಪ್ಪಿಲ್ಲ. ಕಾರ್ಖಾನೆಗಳಿಂದ ನಿವೃತ್ತರಾದ ಹಿರಿಯರು, ಇಂಜಿನಿಯರಿಂಗ್ ಓದುತ್ತಿರುವ ಮಕ್ಕಳು, ವರ್ಕ್‌ಶಾಪ್ ನಡೆಸುವವರು ಒಂದೆಡೆ ಕುಳಿತು ತಮ್ಮ ಕೊಟೇಶನ್, ಒಪ್ಪಂದ ಪತ್ರಗಳನ್ನು ಹೋಲಿಸಿ ನೋಡಿದರೆ ಎಷ್ಟೋ ಮೋಸ, ಎಷ್ಟೋ ದುಂದುವೆಚ್ಚ ತಪ್ಪೀತು. ಹೊಸದಾಗಿ ಸಾಲ ಮಾಡಿ ಯಂತ್ರ ತರಲು ಹೊರಟಿರುವ ಯುವಕರಿಗೆ ಊರವರಿಂದ ಸಿಗಬಹುದಾದ ದೊಡ್ಡ ಸಹಾಯ ಅದೇ ಆದೀತು.