ಕಾಫಿ ಮೇಕರ್ ಮತ್ತು ಗಡಸು ನೀರು: ಉಪಕರಣ ವರ್ತಕರು ಅರಿತಿರಬೇಕಾದ ಶುದ್ಧೀಕರಣ ವಿಧಾನ

ಗೃಹೋಪಯೋಗಿ ವಿದ್ಯುತ್ ಉಪಕರಣಗಳ ವ್ಯಾಪಾರದಲ್ಲಿ ತೊಡಗಿರುವವರಿಗೆ ಈ ದೂರು ಚಿರಪರಿಚಿತ. ಕೊಂಡು ಎಂಟು ಹತ್ತು ತಿಂಗಳಾದ ಕಾಫಿ ಮೇಕರ್ ಅನ್ನು ಗ್ರಾಹಕರು ಅಂಗಡಿಗೆ ಹಿಂದಕ್ಕೆ ತರುತ್ತಾರೆ. ಮೊದಲು ಹತ್ತು ನಿಮಿಷದೊಳಗೆ ಇಳಿಯುತ್ತಿದ್ದ ಡಿಕಾಕ್ಷನ್ ಈಗ ಇಪ್ಪತ್ತು ನಿಮಿಷವಾದರೂ ಪೂರ್ತಿ ಇಳಿಯುವುದಿಲ್ಲ, ಯಂತ್ರ ಬುಸುಗುಟ್ಟುತ್ತದೆ, ಹಬೆ ಹೆಚ್ಚಾಗಿದೆ, ಅರ್ಧ ನೀರು ತೊಟ್ಟಿಯಲ್ಲಿಯೇ ಉಳಿಯುತ್ತದೆ. ಹೀಟರ್ ಕಳಪೆಯೆಂದು ಗ್ರಾಹಕರು ತೀರ್ಮಾನಿಸಿರುತ್ತಾರೆ. ಅಂಗಡಿಯವರೂ ಅದನ್ನು ನಂಬಿ ಯಂತ್ರವನ್ನು ಕಂಪನಿಯ ಸೇವಾ ಕೇಂದ್ರಕ್ಕೆ ಕಳುಹಿಸುತ್ತಾರೆ. ಅಲ್ಲಿಂದ ಬರುವ ಉತ್ತರ ಬಹುಪಾಲು ಒಂದೇ: ಸುಣ್ಣದ ಪದರ ಕಟ್ಟಿದೆ, ಇದು ವಾರಂಟಿಯ ವ್ಯಾಪ್ತಿಗೆ ಬರುವುದಿಲ್ಲ.

ಇಲ್ಲಿ ಯಂತ್ರದ ದೋಷವಿರುವುದಿಲ್ಲ, ಕಾರಣ ನೀರು. ಮಾರಾಟದ ವೇಳೆ ಎರಡು ನಿಮಿಷ ವ್ಯಯಿಸಿ ಇದನ್ನು ವಿವರಿಸಿದ್ದರೆ ಗ್ರಾಹಕರ ಹಣವೂ ಅಂಗಡಿಯ ಹೆಸರೂ ಉಳಿಯುತ್ತಿದ್ದವು.

ಯಂತ್ರದ ಒಳಗೆ ನಡೆಯುವುದೇನು?

ಮನೆಬಳಕೆಯ ಸಾಮಾನ್ಯ ಡ್ರಿಪ್ ಕಾಫಿ ಮೇಕರ್‌ನಲ್ಲಿ ಪಂಪ್ ಇರುವುದಿಲ್ಲ. ತೊಟ್ಟಿಯ ನೀರು ಒಂದು ಏಕಮುಖ ಕವಾಟದ ಮೂಲಕ ತಳಭಾಗದಲ್ಲಿರುವ, ಕುದುರೆ ಲಾಳದಂತೆ ಬಾಗಿದ ಅಲ್ಯೂಮಿನಿಯಂ ಕೊಳವೆಗೆ ಇಳಿಯುತ್ತದೆ. ಕೊಳವೆಗೆ ಅಂಟಿಕೊಂಡೇ ಹೀಟರ್ ಇರುತ್ತದೆ. ನೀರು ಕುದಿದಾಗ ಹುಟ್ಟುವ ಹಬೆಯ ಗುಳ್ಳೆಗಳು ಬಿಸಿನೀರನ್ನು ಮೇಲಕ್ಕೆ ತಳ್ಳುತ್ತವೆ. ಅದು ಪುಡಿಯ ಮೇಲೆ ಹನಿಹನಿಯಾಗಿ ಬೀಳುತ್ತದೆ. ಡಿಕಾಕ್ಷನ್ ಪಾತ್ರೆಯನ್ನು ಬಿಸಿಯಾಗಿಡುವ ತಟ್ಟೆಗೂ ಇದೇ ಹೀಟರ್ ಶಾಖ ಒದಗಿಸುತ್ತದೆ.

ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾದಾಗ ವಿಭಜನೆಗೊಂಡು ಕ್ಯಾಲ್ಸಿಯಂ ಕಾರ್ಬೊನೇಟ್ ಆಗಿ ಮಾರ್ಪಡುತ್ತದೆ. ಇದು ನೀರಿನಲ್ಲಿ ಕರಗದು. ಕೊಳವೆಯ ಒಳಗೋಡೆಗೆ ಅಂಟುತ್ತದೆ. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬೆಳ್ಳಗೆ ಕಟ್ಟುವ ಪದರವೂ ಇದೇ ಪದಾರ್ಥ. ಶಾಖವನ್ನು ದಾಟಿಸುವ ಶಕ್ತಿಯಲ್ಲಿ ಇದು ಅಲ್ಯೂಮಿನಿಯಂನ ಸುಮಾರು ನೂರನೆಯ ಒಂದು ಭಾಗದಷ್ಟು ಮಾತ್ರ. ಹೀಗಾಗಿ ಹೀಟರ್‌ನ ಶಾಖ ನೀರಿಗೆ ಸಕಾಲದಲ್ಲಿ ತಲುಪದೆ ಲೋಹವೇ ಮಿತಿಮೀರಿ ಕಾಯುತ್ತದೆ. ಆಗ ಥರ್ಮೋಸ್ಟಾಟ್ ನೀರು ಮುಗಿಯುವ ಮೊದಲೇ ವಿದ್ಯುತ್ತನ್ನು ಕಡಿಯುತ್ತದೆ. ತೊಟ್ಟಿಯಲ್ಲಿ ನೀರು ಉಳಿಯುವುದಕ್ಕೆ ಇದು ಕಾರಣ. ಲೋಹ ಇನ್ನೂ ಬಿಸಿಯಾದರೆ ಥರ್ಮಲ್ ಫ್ಯೂಸ್ ಕಡಿದುಹೋಗುತ್ತದೆ. ಅದು ಒಮ್ಮೆ ಹೋದರೆ ಮರಳಿ ಕೂಡುವಂತಹದಲ್ಲ, ಯಂತ್ರ ಸಂಪೂರ್ಣ ನಿಂತುಬಿಡುತ್ತದೆ. ಸುಣ್ಣದಿಂದ ವಿದ್ಯುತ್ ಬಿಲ್ ಏರುವುದೆಂಬ ಪ್ರಚಾರ ಹೆಚ್ಚು. ವಾಸ್ತವದಲ್ಲಿ ಇಷ್ಟು ಚಿಕ್ಕ ಉಪಕರಣದಲ್ಲಿ ಬಿಲ್ಲಿನ ವ್ಯತ್ಯಾಸಕ್ಕಿಂತ ಹೀಟರ್‌ನ ಆಯುಷ್ಯವೇ ಮುಖ್ಯ ವಿಷಯ.

ಇಂತಹ ಯಂತ್ರಗಳು ದುರಸ್ತಿಗೆ ಬಂದಾಗ ಕೆಲವರು ಥರ್ಮಲ್ ಫ್ಯೂಸ್ ತೆಗೆದು ಆ ಜಾಗದಲ್ಲಿ ಬರಿಯ ತಂತಿಯನ್ನು ಬೆಸೆದು ಕೊಡುವುದುಂಟು. ಯಂತ್ರ ತಕ್ಷಣ ಓಡುತ್ತದೆ, ಗ್ರಾಹಕರೂ ಸಂತುಷ್ಟರಾಗುತ್ತಾರೆ. ಆದರೆ ಬೆಂಕಿಯಿಂದ ರಕ್ಷಿಸುವ ಕೊನೆಯ ಸಾಧನವನ್ನೇ ತೆಗೆದುಹಾಕಿದಂತಾಗುತ್ತದೆ. ಇದನ್ನು ಯಾವ ಕಾರಣಕ್ಕೂ ಮಾಡಕೂಡದು. ಮೊದಲು ಸುಣ್ಣವನ್ನು ತೆಗೆದು, ಅನಂತರ ಅದೇ ಮಾನದ ಹೊಸ ಫ್ಯೂಸ್ ಅಳವಡಿಸುವುದೊಂದೇ ಸರಿಯಾದ ಕ್ರಮ.

ಯಾವ ನೀರು, ಎಷ್ಟು ಸುಣ್ಣ?

ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ 2012ರ ಆವೃತ್ತಿಯಂತೆ ಒಟ್ಟು ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು. ಬೇರೆ ಜಲಮೂಲ ಇಲ್ಲದೆಡೆ 600ರವರೆಗೆ ಅನುಮತಿಯಿದೆ. ಈ ಮಿತಿ ಕುಡಿಯುವವರನ್ನು ಗಮನದಲ್ಲಿರಿಸಿಕೊಂಡು ವಿಧಿಸಿದ್ದು. ಕುಡಿಯಲು ಯೋಗ್ಯವಾದ 400 ಮಿಲಿಗ್ರಾಂ ಗಡಸುತನದ ನೀರು ಕಾಫಿ ಮೇಕರ್‌ಗೆ ಯೋಗ್ಯವಲ್ಲ. ಅಂತಹ ನೀರನ್ನು ದಿನಕ್ಕೆ ಒಂದು ಲೀಟರಿನಂತೆ ಬಳಸಿ, ಅದರ ಗಡಸುತನದ ಕಾಲು ಭಾಗ ಮಾತ್ರ ಕೊಳವೆಯಲ್ಲಿ ತಂಗಿತೆಂದು ಲೆಕ್ಕ ಹಿಡಿದರೂ ತಿಂಗಳಿಗೆ 3 ಗ್ರಾಂ, ವರ್ಷಕ್ಕೆ ಸುಮಾರು 36 ಗ್ರಾಂ ಸುಣ್ಣ ಸಂಗ್ರಹವಾಗುತ್ತದೆ. ಕಿರುಬೆರಳಿನ ಗಾತ್ರದ ಕೊಳವೆಗೆ ಇದು ಸಣ್ಣ ಪ್ರಮಾಣವಲ್ಲ.

ಬೆಂಗಳೂರಿನ ಪರಿಸ್ಥಿತಿ ಇನ್ನೂ ತೊಡಕಿನದು. 1974ರಲ್ಲಿ ಮೊದಲ ಹಂತದ ಯೋಜನೆಯಿಂದ ನಗರಕ್ಕೆ ಬರಲಾರಂಭಿಸಿದ ಕಾವೇರಿ ನೀರು ಮೃದುವಾದುದು. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಗೊಂಡ ಐದನೆಯ ಹಂತವು ನಗರಕ್ಕೆ ಸೇರ್ಪಡೆಯಾದ 110 ಹಳ್ಳಿಗಳನ್ನು ಉದ್ದೇಶಿಸಿದ್ದು. ಆದರೂ ಅನೇಕ ವಸತಿ ಸಮುಚ್ಚಯಗಳಲ್ಲಿ ಕಾವೇರಿ ನೀರೂ ಕೊಳವೆ ಬಾವಿಯ ನೀರೂ ಒಂದೇ ಸಂಪಿನಲ್ಲಿ ಬೆರೆಯುತ್ತವೆ. ಮಳೆಗಾಲದಲ್ಲಿ ಮೃದುವಾಗಿದ್ದ ನಲ್ಲಿಯ ನೀರು ಏಪ್ರಿಲ್ ತಿಂಗಳಲ್ಲಿ ಕೊಳವೆ ಬಾವಿಯ, ಇಲ್ಲವೆ ಟ್ಯಾಂಕರ್‌ನ ಗಡಸು ನೀರಾಗಿರುತ್ತದೆ. ಗ್ರಾಹಕರು ‘ನಮ್ಮದು ಕಾವೇರಿ ನೀರು’ ಎಂದು ಹೇಳಿದರೂ ಸಂಪಿನ ವಿಚಾರವನ್ನು ಕೇಳಿ ತಿಳಿಯುವುದು ಒಳಿತು. ಬಯಲುಸೀಮೆಯ ಊರುಗಳಲ್ಲಿ, ಕೊಳವೆ ಬಾವಿಯೊಂದೇ ಆಧಾರವಾಗಿರುವೆಡೆ, ಈ ಪ್ರಶ್ನೆಯೇ ಅನಗತ್ಯ.

ಟಿಡಿಎಸ್ ಮಾಪಕವನ್ನು ಮುಂದಿಟ್ಟು ನೀರಿನ ಗಡಸುತನವನ್ನು ನಿರ್ಣಯಿಸುವ ಪದ್ಧತಿ ವ್ಯಾಪಾರದಲ್ಲಿ ಬೆಳೆದಿದೆ. ಇದು ತಪ್ಪು. ಆ ಮಾಪಕ ಕರಗಿದ ಲವಣಗಳ ಒಟ್ಟು ಮೊತ್ತವನ್ನು ಅಂದಾಜಿಸುತ್ತದೆಯೇ ಹೊರತು ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಬೇರ್ಪಡಿಸಿ ತೋರಿಸುವುದಿಲ್ಲ. ಸಾಫ್ಟನರ್ ಅಳವಡಿಸಿದ ಮನೆಯಲ್ಲಿ ಕ್ಯಾಲ್ಸಿಯಂನ ಸ್ಥಾನಕ್ಕೆ ಸೋಡಿಯಂ ಬಂದು ನೀರು ಮೃದುವಾಗಿರುತ್ತದೆ. ಟಿಡಿಎಸ್ ಮಾತ್ರ ಹೆಚ್ಚುಕಡಿಮೆ ಮೊದಲಿನಷ್ಟೇ ಇರುತ್ತದೆ. ಗಡಸುತನ ಅಳೆಯಲು ಹನಿ ಹಾಕಿ ಬಣ್ಣ ನೋಡುವ ಪ್ರತ್ಯೇಕ ಕಿಟ್‌ಗಳು ದೊರೆಯುತ್ತವೆ.

ಸುಣ್ಣ ತೆಗೆಯುವ ಕ್ರಮ

ಸುಣ್ಣಕ್ಕೆ ಹುಳಿಯೇ ಮದ್ದು. ದಿನಸಿ ಅಂಗಡಿಯಲ್ಲಿ ನಿಂಬೆ ಉಪ್ಪು ಎಂಬ ಹೆಸರಿನಿಂದ ದೊರೆಯುವ ಸಿಟ್ರಿಕ್ ಆಮ್ಲ ಈ ಕಾರ್ಯಕ್ಕೆ ಅತ್ಯಂತ ಅನುಕೂಲಕರ; ವಾಸನೆಯಿಲ್ಲ, ಬೆಲೆಯೂ ಅಲ್ಪ. ಒಂದು ಗ್ರಾಂ ಸುಣ್ಣ ಕರಗಲು ಸುಮಾರು 1.3 ಗ್ರಾಂ ಸಿಟ್ರಿಕ್ ಆಮ್ಲ ಬೇಕು. ಒಂದು ಲೀಟರ್ ನೀರಿಗೆ 25 ಗ್ರಾಂ ಬೆರೆಸಿದರೆ, ಮೇಲಿನ ಲೆಕ್ಕದ ಎರಡು ಮೂರು ತಿಂಗಳ ಸುಣ್ಣಕ್ಕೆ ಧಾರಾಳವಾಗಿ ಸಾಲುತ್ತದೆ. ವರ್ಷಪೂರ್ತಿ ಬಿಟ್ಟ ಯಂತ್ರಕ್ಕೆ ಎರಡು ಸಲ ಮಾಡಬೇಕಾಗುತ್ತದೆ. ಅಷ್ಟರಲ್ಲಿ ಪದರ ಚಕ್ಕೆಗಳಾಗಿ ಎದ್ದು ಕವಾಟದಲ್ಲಿ ಸಿಲುಕುವ ಸಂಭವವೂ ಇದೆ.

ಮೊದಲು ಪುಡಿಯನ್ನೂ ಕಾಗದದ ಶೋಧಕವನ್ನೂ, ನೀರು ಶುದ್ಧೀಕರಿಸುವ ಕಾರ್ಟ್ರಿಜ್ ಇದ್ದರೆ ಅದನ್ನೂ ತೆಗೆದಿಡಬೇಕು. ಆಮ್ಲವನ್ನು ಬೇರೆ ಪಾತ್ರೆಯಲ್ಲಿ ಪೂರ್ತಿ ಕರಗಿಸಿಯೇ ತೊಟ್ಟಿಗೆ ಸುರಿಯಬೇಕು. ಕರಗದ ಹರಳು ಕವಾಟಕ್ಕೆ ಹೋದರೆ ಹೊಸ ತೊಂದರೆ. ಯಂತ್ರವನ್ನು ಚಾಲನೆ ಮಾಡಿ, ಅರ್ಧ ನೀರು ಇಳಿದೊಡನೆ ನಿಲ್ಲಿಸಿ, 20ರಿಂದ 30 ನಿಮಿಷ ಹಾಗೆಯೇ ಬಿಡಬೇಕು. ಕೆಲಸ ನಡೆಯುವುದು ಈ ವಿರಾಮದಲ್ಲಿ. ಬಳಿಕ ಉಳಿದರ್ಧವನ್ನು ಓಡಿಸಿ, ಎರಡು ಮೂರು ತೊಟ್ಟಿ ಶುದ್ಧ ನೀರಿನಿಂದ ತೊಳೆಯಬೇಕು. ರಾತ್ರಿಯಿಡೀ ಬಿಟ್ಟರೆ ಇನ್ನೂ ಚೆನ್ನಾಗಿ ಬಿಡುತ್ತದೆಂಬುದು ತಪ್ಪು ಕಲ್ಪನೆ. ಸುಣ್ಣ ಮುಗಿದ ಮೇಲೆ ಆಮ್ಲ ಅಲ್ಯೂಮಿನಿಯಂ ಅನ್ನು ತಿನ್ನತೊಡಗುತ್ತದೆ. ದ್ರಾವಣವನ್ನು ಪದೇ ಪದೇ ಕುದಿಸುವುದೂ ಸಲ್ಲದು. ಕ್ಯಾಲ್ಸಿಯಂ ಸಿಟ್ರೇಟ್ ಎಂಬ ಲವಣ ತಣ್ಣೀರಿಗಿಂತ ಬಿಸಿನೀರಿನಲ್ಲಿ ಕಡಿಮೆ ಕರಗುವುದರಿಂದ ಅದೇ ಹೊಸ ಪದರವಾಗಿ ಕೂರಬಹುದು.

ಕೇವಲ ಕಾವೇರಿ ನೀರು ಬಳಸುವ ಮನೆಗೆ ನಾಲ್ಕೈದು ತಿಂಗಳಿಗೊಮ್ಮೆ, ಬೆರಕೆ ನೀರಿಗೆ ಎರಡು ತಿಂಗಳಿಗೊಮ್ಮೆ, ಕೊಳವೆ ಬಾವಿಯ ನೀರಿಗೆ ಪ್ರತಿ ತಿಂಗಳು ಎಂಬುದು ಸ್ಥೂಲವಾದ ಲೆಕ್ಕ. ತಯಾರಕರ ಕೈಪಿಡಿಯಲ್ಲಿ ಬೇರೆ ಸೂಚನೆಯಿದ್ದರೆ ಅದೇ ಅಂತಿಮ.

ವಿನೆಗರ್ ಸಹ ನಡೆಯುತ್ತದೆ. ಆದರೆ ಅದರ ವಾಸನೆ ರಬ್ಬರ್ ಭಾಗಗಳಲ್ಲಿ ಉಳಿದು ನಾಲ್ಕು ದಿನದ ಕಾಫಿಯನ್ನು ಕೆಡಿಸುತ್ತದೆ. ಶೌಚಾಲಯ ತೊಳೆಯುವ ಹೈಡ್ರೋಕ್ಲೋರಿಕ್ ಆಮ್ಲವನ್ನು ಮಾತ್ರ ಹತ್ತಿರಕ್ಕೂ ತರಬಾರದು. ಅದು ಅಲ್ಯೂಮಿನಿಯಂ ಅನ್ನು ಕರಗಿಸುತ್ತದೆ, ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಗುಳಿ ಬೀಳಿಸುತ್ತದೆ. ಯಾವುದೇ ಆಮ್ಲದೊಡನೆ ಬ್ಲೀಚ್ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಹೊರಡುತ್ತದೆ.

ಎಣ್ಣೆಯ ಜಿಡ್ಡು ಬೇರೆಯೇ ವಿಷಯ

ಡಿಕಾಕ್ಷನ್ ಪಾತ್ರೆ ಮತ್ತು ಪುಡಿಯ ಬುಟ್ಟಿಯಲ್ಲಿ ಕಾಣುವ ಕಂದು ಬಣ್ಣದ ಅಂಟು ಸುಣ್ಣವಲ್ಲ, ಕಾಫಿಯ ಎಣ್ಣೆ. ಚಿಕೋರಿ ಬೆರೆತ ಪುಡಿಯಲ್ಲಿ ಈ ಅಂಟು ಇನ್ನೂ ಹೆಚ್ಚು. ಇದಕ್ಕೆ ಹುಳಿ ಹಾಕಿದರೆ ಪ್ರಯೋಜನವಿಲ್ಲ. ಬಿಸಿನೀರಿನಲ್ಲಿ ಕರಗಿಸಿದ ವಾಷಿಂಗ್ ಸೋಡಾದಂತಹ ಕ್ಷಾರ ಬೇಕು. ಅದನ್ನು ಗಾಜು, ಪ್ಲಾಸ್ಟಿಕ್ ಬಿಡಿಭಾಗಗಳಿಗಷ್ಟೇ ಬಳಸಬೇಕು. ಕ್ಷಾರವೂ ಅಲ್ಯೂಮಿನಿಯಂಗೆ ಶತ್ರುವಾದ್ದರಿಂದ ಕೊಳವೆಯೊಳಗೆ ಓಡಿಸಬಾರದು. ವಿನೆಗರ್ ಮತ್ತು ಸೋಡಾವನ್ನು ಒಟ್ಟಿಗೆ ಹಾಕಿದರೆ ಸೊಗಸಾಗಿ ನೊರೆಯೇಳುತ್ತದೆ, ನಿಜ. ಆದರೆ ಒಂದು ಇನ್ನೊಂದರ ಬಲವನ್ನು ಇಲ್ಲವಾಗಿಸುವುದರಿಂದ ನೊರೆಯ ಹೊರತು ಹೆಚ್ಚೇನೂ ಲಾಭವಿಲ್ಲ.

ನಮ್ಮ ಹಿತ್ತಾಳೆ ಅಥವಾ ಸ್ಟೀಲ್ ಫಿಲ್ಟರ್‌ನೊಳಗೆ ನೀರು ಕುದಿಯುವುದಿಲ್ಲವಾದ್ದರಿಂದ ಸುಣ್ಣದ ಬಾಧೆ ಅಲ್ಪ; ಅಲ್ಲಿ ರಂಧ್ರಗಳನ್ನು ಮುಚ್ಚುವುದು ಎಣ್ಣೆ ಮತ್ತು ನುಣುಪು ಪುಡಿ. ಹಿತ್ತಾಳೆಯನ್ನು ಹುಣಿಸೆಹಣ್ಣಿನಿಂದ ಬೆಳಗುವ ರೂಢಿಯ ಹಿಂದಿರುವುದು ಟಾರ್ಟಾರಿಕ್ ಆಮ್ಲದ ಗುಣ. ಆದರೆ ಹುಣಿಸೆಯ ರಸವನ್ನು ಕಾಫಿ ಮೇಕರ್‌ಗೆ ಸುರಿಯುವ ಪ್ರಯೋಗ ಬೇಡ. ಅದರ ನಾರು, ತಿರುಳು ಕವಾಟವನ್ನು ಕಟ್ಟಿಸುತ್ತವೆ.

ವ್ಯಾಪಾರದ ದೃಷ್ಟಿಯಿಂದ

2020ರಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರಂತೆ, ಸರಿಯಾದ ಬಳಕೆಯ ಸಮರ್ಪಕ ಸೂಚನೆ ಅಥವಾ ಎಚ್ಚರಿಕೆ ನೀಡದೆ ಬಳಕೆದಾರರಿಗೆ ಹಾನಿಯುಂಟಾದಲ್ಲಿ ತಯಾರಕರು ಹೊಣೆಗಾರರಾಗಬಹುದು. ಸ್ಥಳೀಯವಾಗಿ ಕಾಫಿ ಮೇಕರ್, ವಿದ್ಯುತ್ ಕೆಟಲ್ ಜೋಡಿಸುವ ಸಣ್ಣ ಉದ್ದಿಮೆಗಳು ಸುಣ್ಣ ತೆಗೆಯುವ ಸೂಚನೆಯನ್ನು ಕನ್ನಡದಲ್ಲಿಯೂ ಮುದ್ರಿಸಿ ಪೆಟ್ಟಿಗೆಯಲ್ಲಿ ಇಡುವುದು ಉಚಿತ. ವರ್ತಕರು ವಾರಂಟಿ ಪತ್ರದಲ್ಲಿ ಸುಣ್ಣದ ಬಗೆಗಿನ ಷರತ್ತು ಇದೆಯೇ ಎಂದು ತಾವೇ ಓದಿ, ಅದನ್ನು ಗ್ರಾಹಕರಿಗೆ ಬಿಲ್ ಬರೆಯುವ ಮೊದಲು ತೋರಿಸಬೇಕು, ನಂತರವಲ್ಲ.

25 ಗ್ರಾಂ ಸಿಟ್ರಿಕ್ ಆಮ್ಲದ ಪೊಟ್ಟಣವನ್ನು ಯಂತ್ರದ ಜೊತೆ ಮಾರುವುದು ಸಣ್ಣದಾದರೂ ನಿರಂತರವಾದ ವಹಿವಾಟು. ಆದರೆ ಚೀಲದಿಂದ ಬಿಡಿಸಿ ಪೊಟ್ಟಣ ಕಟ್ಟುವವರು 2011ರ ಲೀಗಲ್ ಮೆಟ್ರಾಲಜಿ ಪೊಟ್ಟಣ ಸರಕುಗಳ ನಿಯಮಗಳಿಗೆ ಒಳಪಡುತ್ತಾರೆ. ಹೆಸರು, ವಿಳಾಸ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಿಕೆಯ ತಿಂಗಳು ಮತ್ತು ವರ್ಷ ಮುಂತಾದ ವಿವರಗಳನ್ನು ಅದರ ಮೇಲೆ ನಮೂದಿಸಬೇಕಾಗುತ್ತದೆ. ನೋಡಲು ಸಕ್ಕರೆಯನ್ನೇ ಹೋಲುವ ಪದಾರ್ಥವಾದ್ದರಿಂದ, ‘ಯಂತ್ರ ಶುಚಿಗೊಳಿಸಲು ಮಾತ್ರ’ ಎಂಬ ಮಾತನ್ನು ದಪ್ಪಕ್ಷರದಲ್ಲಿ ಮುಂಭಾಗದಲ್ಲಿಯೇ ಹಾಕಿಸತಕ್ಕದ್ದು.