ಬೆಲ್ಲದ ನೆತ್ತರು, ಮಗ್ಗದ ಸದ್ದು

ದೆವ್ವದ ಸಿನಿಮಾಕ್ಕೆ ಕತ್ತಲೆಯೊಂದಿದ್ದರೆ ಸಾಕು ಎಂದು ನಂಬಿ, ಅಮಾವಾಸ್ಯೆಯ ರಾತ್ರಿ ಮೊಬೈಲ್ ಹಿಡಿದು ಕಬ್ಬಿನ ಹೊಲಕ್ಕೆ ಹೋದ ಗೆಳೆಯರ ಗುಂಪಿಗೆ ಮರುದಿನ ಸಿಗುವುದು ಬೂದು ಚುಕ್ಕೆ ಮುತ್ತಿದ, ಏನೂ ಕಾಣದ ವಿಡಿಯೊ. ಕ್ಯಾಮೆರಾ ಹಿಡಿಯುವುದು ಬೆಳಕನ್ನು ಮಾತ್ರ. ತೆರೆಯ ಮೇಲೆ ಕತ್ತಲೆ ಕಾಣಬೇಕಾದರೆ ಶೂಟಿಂಗ್ ಜಾಗದಲ್ಲಿ ಬೆಳಕು ಇರಲೇಬೇಕು.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಕಾಲೇಜು ಹುಡುಗ ಹುಡುಗಿಯರ ಕೈಯಲ್ಲಿ ಈಗ ಒಳ್ಳೆಯ ಕ್ಯಾಮೆರಾ ಇರುವ ಫೋನುಗಳಿವೆ. ಇಲ್ಲದ್ದು ದುಡ್ಡು. ಆ ಕೊರತೆಯನ್ನು ಬಹುಮಟ್ಟಿಗೆ ವಿಜ್ಞಾನ ತುಂಬಬಲ್ಲದು, ಅದಕ್ಕೆ ಬೇಕಾದ ಸಾಮಾನೂ ಈ ಸೀಮೆಯಲ್ಲೇ ಸಿಗುತ್ತದೆ.

ದುಡ್ಡಿಲ್ಲದೆ ಹೆದರಿಸಿದವರ ಪಟ್ಟಿ ಉದ್ದವಿದೆ. ಅಮೆರಿಕದ ಸ್ಯಾಮ್ ರೈಮಿ ಎಂಬ ತರುಣ ತನ್ನ ಗೆಳೆಯರನ್ನು ಕಟ್ಟಿಕೊಂಡು ಕಾಡಿನ ಗುಡಿಸಲೊಂದರಲ್ಲಿ ತೆಗೆದ ‘ದಿ ಈವಿಲ್ ಡೆಡ್’ 1981ರಲ್ಲಿ ತೆರೆಕಂಡಿತು. ಕ್ಯಾಮೆರಾವನ್ನು ಒಂದು ಮರದ ಹಲಗೆಯ ನಡುವೆ ಬಿಗಿದು, ಹಲಗೆಯ ಎರಡು ತುದಿಯನ್ನು ಇಬ್ಬರು ಹಿಡಿದು ಓಡಿದರು. ಕಾಡಿನಲ್ಲಿ ಏನೋ ಧಾವಿಸಿ ಬರುತ್ತಿದೆ ಎನಿಸುವ ಆ ದೃಶ್ಯಗಳ ಗುಟ್ಟು ಇಷ್ಟೇ. ಉದ್ದದ ಹಲಗೆ ಸುಲಭವಾಗಿ ತಿರುಚಿಕೊಳ್ಳುವುದಿಲ್ಲ, ನಡುವಿನ ಕ್ಯಾಮೆರಾ ಸಣ್ಣ ನಡುಕದಿಂದ ಪಾರಾಗುತ್ತದೆ. 1999ರ ‘ದಿ ಬ್ಲೇರ್ ವಿಚ್ ಪ್ರಾಜೆಕ್ಟ್’ನಲ್ಲಿ ಮಾಟಗಾತಿ ಒಮ್ಮೆಯೂ ಕಾಣಿಸಿಕೊಳ್ಳುವುದಿಲ್ಲ. ನಮ್ಮಲ್ಲೇ 2013ರ ನವೆಂಬರಿನಲ್ಲಿ ಬಂದ ಕೆ.ಎಸ್. ಅಶೋಕ ನಿರ್ದೇಶನದ ‘6-5=2’, ಚಾರಣಕ್ಕೆ ಹೋದವರ ಕ್ಯಾಮೆರಾದಲ್ಲಿ ಸಿಕ್ಕ ದೃಶ್ಯಗಳು ಎಂಬ ನೆಪದಲ್ಲಿ, ಹೊಸ ಮುಖಗಳನ್ನಿಟ್ಟುಕೊಂಡು, ಕಡಿಮೆ ಖರ್ಚಿನಲ್ಲಿ ಕನ್ನಡದ ಪ್ರೇಕ್ಷಕರನ್ನು ಚಿತ್ರಮಂದಿರಕ್ಕೆ ಎಳೆದು ತಂದಿತು.

ಇವೆಲ್ಲ ಗೆದ್ದದ್ದು ನೋಡುವವರ ಮಿದುಳಿನೊಳಗೆ. ಮಿದುಳಿನ ಎರಡೂ ಪಕ್ಕಗಳಲ್ಲಿ ಅಮಿಗ್ಡಲ ಎಂಬ ಪುಟ್ಟ ಭಾಗವಿದೆ. ಅಪರೂಪದ ಕಾಯಿಲೆಯಿಂದ ಅವೆರಡೂ ನಾಶವಾಗಿದ್ದ ಅಮೆರಿಕದ ಮಹಿಳೆಯೊಬ್ಬರ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಹಾವು, ಜೇಡ ಮಾರುವ ಅಂಗಡಿಗೆ ಕರೆದೊಯ್ದರೂ, ಭಯಾನಕ ಸಿನಿಮಾದ ತುಣುಕು ತೋರಿಸಿದರೂ ಆಕೆಗೆ ಹೆದರಿಕೆ ಆಗಲಿಲ್ಲ. ಕುತೂಹಲ ಮಾತ್ರ ಮೂಡಿತು.

ಹೆದರುವುದು ಬೇರೆ, ಬೆಚ್ಚಿಬೀಳುವುದು ಬೇರೆ. ಧಡ್ ಎಂಬ ಸದ್ದಿಗೆ ರೆಪ್ಪೆ ಬಡಿಯುವುದು ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಷ್ಟು ಸಮಯದಲ್ಲೇ ಶುರುವಾಗುವ ಪ್ರತಿವರ್ತನೆ. ಅದು ಎರಡು ಮೂರು ಸಲಕ್ಕೆ ಮಂಕಾಗುತ್ತದೆ. ಆದರೆ ಮೊದಲೇ ಆತಂಕದಲ್ಲಿರುವ ಜೀವಿ ಅದೇ ಸದ್ದಿಗೆ ಹೆಚ್ಚು ಜೋರಾಗಿ ಬೆಚ್ಚುತ್ತದೆ. 1951ರಲ್ಲೇ ಇಲಿಗಳ ಮೇಲೆ ಇದನ್ನು ಪರೀಕ್ಷಿಸಿ ತೋರಿಸಿದ್ದಾರೆ. ಆದ್ದರಿಂದ ಐದು ನಿಮಿಷಕ್ಕೊಮ್ಮೆ ಬಾಗಿಲು ಬಡಿಯುವ ಸ್ಕ್ರಿಪ್ಟ್ ನನ್ನ ಮಟ್ಟಿಗೆ ಸೋತ ಸ್ಕ್ರಿಪ್ಟ್. ಅರ್ಧ ಗಂಟೆಯ ಸಿನಿಮಾಕ್ಕೆ ಅಂಥದ್ದೊಂದು ಸಾಕು, ಉಳಿದ ಸಮಯವೆಲ್ಲ ಅದಕ್ಕಾಗಿ ಕಾಯಿಸುವುದಕ್ಕೆ ಮೀಸಲಾಗಿರಲಿ.

ಈಗ ಬೆಳಕಿನ ಮಾತು. ನಡು ಮಧ್ಯಾಹ್ನದ ಬಿಸಿಲು ಸುಮಾರು 1,00,000 ಲಕ್ಸ್. ಹುಣ್ಣಿಮೆಯ ಬೆಳದಿಂಗಳು ಹೆಚ್ಚೆಂದರೆ ಕಾಲು ಲಕ್ಸ್ ಆಸುಪಾಸು. ಬೆಳಕು ಫೋಟಾನ್ ಎಂಬ ಬಿಡಿ ಕಣಗಳಾಗಿ ಬರುತ್ತದೆ. ಮಳೆಯ ಮೊದಲ ಹನಿಗಳು ಅಂಗಳದ ತುಂಬ ಸಮನಾಗಿ ಬೀಳದೆ ಅಲ್ಲೊಂದು ಇಲ್ಲೊಂದು ಬೀಳುವಂತೆ, ಕತ್ತಲಲ್ಲಿ ಬರುವ ಕೆಲವೇ ಫೋಟಾನುಗಳು ಸೆನ್ಸರ್ ಮೇಲೆ ಎಲ್ಲೆಂದರಲ್ಲಿ ಬೀಳುತ್ತವೆ. ಫೋನು ಆ ದುರ್ಬಲ ಸಂಕೇತವನ್ನು ಹಿಗ್ಗಿಸಿದಾಗ ಈ ಅಸಮತೆಯೂ ಹಿಗ್ಗುತ್ತದೆ, ಚಿತ್ರದ ತುಂಬ ಚುಕ್ಕೆ ಏಳುತ್ತವೆ.

ಇದಕ್ಕೆ ಹಳೆಯ ಕಾಲದ ಸಿನಿಮಾದವರು ಕಂಡುಕೊಂಡ ಉಪಾಯ ಇನ್ನೂ ಕೆಲಸ ಮಾಡುತ್ತದೆ. ಹೊತ್ತು ಮುಳುಗಿದ ಮೇಲೆ ಶೂಟ್ ಮಾಡಿ, ರಾತ್ರಿ ಎಂದು ತೋರಿಸುವುದು. ಜಮಖಂಡಿಯ ಅಕ್ಷಾಂಶದಲ್ಲಿ ಸೂರ್ಯ ಮುಳುಗಿದ ಮೇಲೆ ಕೆಲಸಕ್ಕೆ ಬರುವ ಬೆಳಕು ಉಳಿಯುವುದು 20ರಿಂದ 25 ನಿಮಿಷ. ಅಷ್ಟರಲ್ಲಿ ಮುಗಿಯಬೇಕಾದರೆ ಬಿಸಿಲಿರುವಾಗಲೇ ನಡೆ, ಮಾತು, ಕ್ಯಾಮೆರಾ ನಿಲ್ಲುವ ಜಾಗ ಎಲ್ಲದರ ತಾಲೀಮು ಆಗಿರಬೇಕು. ಫೋನಿನ ವೈಟ್ ಬ್ಯಾಲೆನ್ಸನ್ನು ಬಲ್ಬಿನ ಗುರುತಿಗೆ ಇಟ್ಟರೆ ಚಿತ್ರಕ್ಕೆ ನೀಲಿ ಛಾಯೆ ಬರುತ್ತದೆ. ಎಕ್ಸ್‌ಪೋಶರ್ ಸ್ವಲ್ಪ ಇಳಿಸಿ. ಆಕಾಶ ಚೌಕಟ್ಟಿನೊಳಗೆ ಬಾರದಂತೆ ನೋಡಿಕೊಳ್ಳಿ.

ನೀಲಿಯೇ ಯಾಕೆ? ಹಗಲಲ್ಲಿ ನಮ್ಮ ಕಣ್ಣು 555 ನ್ಯಾನೊಮೀಟರ್ ಆಸುಪಾಸಿನ ಹಳದಿ-ಹಸಿರಿಗೆ ಅತಿ ಸೂಕ್ಷ್ಮ. ಕತ್ತಲಲ್ಲಿ ಬೇರೆ ಬಗೆಯ ಕೋಶಗಳು ಕೆಲಸಕ್ಕಿಳಿದು ಆ ಸೂಕ್ಷ್ಮತೆ 507ರ ಕಡೆ, ಅಂದರೆ ನೀಲಿ-ಹಸಿರಿನ ಕಡೆ ಸರಿಯುತ್ತದೆ. ಮಬ್ಬಿನಲ್ಲಿ ಕೆಂಪು ದಾಸವಾಳ ಕಪ್ಪಾಗಿ, ಅದರ ಎಲೆ ತಿಳಿಯಾಗಿ ಕಾಣುವುದು ಇದರಿಂದಲೇ. ಹತ್ತೊಂಬತ್ತನೇ ಶತಮಾನದಲ್ಲಿ ಇದನ್ನು ಗುರುತಿಸಿದ ಪುರ್ಕಿನ್ಯೆ ಎಂಬ ವಿಜ್ಞಾನಿಯ ಹೆಸರೇ ಈ ಪರಿಣಾಮಕ್ಕಿದೆ. ನೀಲಿ ಛಾಯೆ ಕಂಡರೆ ‘ಇದು ರಾತ್ರಿ’ ಎಂದು ನಾವು ಒಪ್ಪಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ಮನೆಯೊಳಗಿನ ಸೀನಿಗೆ ಒಂದು ಎಚ್ಚರಿಕೆ. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದು, ಟ್ಯೂಬ್‌ಲೈಟು ಮತ್ತು ಅಗ್ಗದ ಎಲ್‌ಇಡಿ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ ವೇಗ ಫೋನಿನ ಇಷ್ಟಕ್ಕೆ ಬಿಟ್ಟರೆ ಚಿತ್ರದಲ್ಲಿ ಅಡ್ಡ ಪಟ್ಟಿಗಳು ಹರಿದಾಡುತ್ತವೆ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಎಂದು ಬೀಗ ಹಾಕಿ.

ಇನ್ನು ಮುಖ. ಬೆಳಕು ಮೇಲಿನಿಂದ ಬರುತ್ತದೆ ಎಂಬ ಲೆಕ್ಕದಲ್ಲೇ ನಮ್ಮ ಮಿದುಳು ನೆರಳನ್ನು ಓದುತ್ತದೆ. ಟಾರ್ಚನ್ನು ಗದ್ದದ ಕೆಳಗೆ ಹಿಡಿದರೆ ನೆರಳುಗಳೆಲ್ಲ ತಲೆಕೆಳಗಾಗಿ, ಪರಿಚಿತ ಮುಖವೂ ಗುರುತು ಹತ್ತದಂತಾಗುತ್ತದೆ. ಐದು ಪೈಸೆಯ ಮೇಕಪ್ ಬೇಡ. ಮೇಕಪ್ಪೇ ಬೇಕೆಂದರೆ ಒಂದು ಮಾತು. ಇದು ಸಣ್ಣಾಟ, ದೊಡ್ಡಾಟ, ಶ್ರೀಕೃಷ್ಣ ಪಾರಿಜಾತಗಳ ಸೀಮೆ. ಹಳೆಯ ಮೇಳದವರ ಮನೆಯಲ್ಲಿ ಬಣ್ಣದ ಪೆಟ್ಟಿಗೆ ಸಿಕ್ಕರೂ ಸಿಗಬಹುದು. ನಮ್ಮ ಬಯಲಾಟಗಳಲ್ಲಿ ಹಿಂದೆ ಹಳದಿಗೆ ಬಳಸುತ್ತಿದ್ದ ಅರದಾಳ ಆರ್ಸೆನಿಕ್‌ನ ಸಂಯುಕ್ತ, ಕೆಂಪಿಗೆ ಬಳಸುತ್ತಿದ್ದ ಇಂಗಳೀಕ ಪಾದರಸದ ಸಂಯುಕ್ತ. ಪೆಟ್ಟಿಗೆಯನ್ನು ಗೌರವದಿಂದ ನೋಡಿ, ಬಣ್ಣವನ್ನು ಮಾತ್ರ ಮುಖಕ್ಕೆ ಮುಟ್ಟಿಸಬೇಡಿ.

ನೆತ್ತರಿನ ವಿಷಯಕ್ಕೆ ಬಂದರೆ ಮುಧೋಳ-ಮಹಾಲಿಂಗಪುರದ ಕಡೆಯವರಷ್ಟು ಅದೃಷ್ಟವಂತರು ಯಾರೂ ಇಲ್ಲ. ಹಾಲಿವುಡ್ಡಿನ ಬಡ ನಿರ್ದೇಶಕರು ಮೆಕ್ಕೆಜೋಳದ ಸಕ್ಕರೆ ಪಾಕಕ್ಕೆ ಕೆಂಪು ಬಣ್ಣ ಬೆರೆಸಿದರು. ಕಪ್ಪು-ಬಿಳುಪಿನ ಕಾಲದಲ್ಲಿ, 1960ರ ‘ಸೈಕೊ’ದಲ್ಲೂ 1968ರ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ನಲ್ಲೂ ಚಾಕೊಲೇಟ್ ಪಾಕವೇ ರಕ್ತವಾಗಿತ್ತು. ನಮ್ಮಲ್ಲಿ ಗಾಣದ ಮನೆಗೆ ಹೋಗಿ ಒಂದು ಚರಿಗೆ ಕಾಕಂಬಿ ತಂದರೆ ಅರ್ಧ ಕೆಲಸ ಮುಗಿಯಿತು. ಗಟ್ಟಿ ಬೆಲ್ಲವೇ ಇದ್ದರೆ ಒಡೆದು, ನೀರು ಹಾಕಿ, ಅರ್ಧ ನಿಂಬೆಹಣ್ಣು ಹಿಂಡಿ ಸಣ್ಣ ಉರಿಯಲ್ಲಿ ಕುದಿಸಿ. ಹುಳಿ ಮತ್ತು ಬಿಸಿ ಸೇರಿ ಸುಕ್ರೋಸ್ ಅಣುವನ್ನು ಗ್ಲೂಕೋಸ್, ಫ್ರಕ್ಟೋಸ್ ಎಂದು ಒಡೆಯುತ್ತವೆ, ಆಗ ಆರಿದ ಮೇಲೂ ಪಾಕ ಹರಳುಗಟ್ಟುವುದಿಲ್ಲ. ಬೆರಳ ನಡುವೆ ಎಳೆ ಬರುವ ಮೊದಲೇ ಇಳಿಸಿಬಿಡಿ. ಎಳೆ ಪಾಕ ಗಾಯದಿಂದ ಹರಿಯದೆ ಅಂಟಿ ನಿಲ್ಲುತ್ತದೆ. ನಿಜವಾದ ರಕ್ತ ನೀರಿಗಿಂತ ಮೂರು ನಾಲ್ಕು ಪಟ್ಟು ಮಾತ್ರ ಮಂದ. ಸೋಸಿ, ಅಡುಗೆಗೆ ಬಳಸುವ ಕೆಂಪು ಬಣ್ಣ ಸೇರಿಸಿ. ಬೆಲ್ಲದ ಕಂದು ತಾನೇ ಆ ಕೆಂಪನ್ನು ರಕ್ತದ ಕಡುಗೆಂಪಿಗೆ ಇಳಿಸುತ್ತದೆ. ಬಟ್ಟೆಗೆ ಹಾಕುವ ರಕ್ತಕ್ಕೆ ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿದರೆ ಕಲೆ ಬೇಗ ಬಿಡುತ್ತದೆ. ಬಾಯಿಗೆ ಹಾಕುವುದನ್ನು ಬೇರೆಯೇ ಇಡಿ. ಹಗಲಲ್ಲಿ ಬೆಲ್ಲಕ್ಕೆ ಜೇನ್ನೊಣ ಮುತ್ತುತ್ತವೆ, ಹಾಗಾಗಿ ರಕ್ತದ ಸೀನುಗಳೆಲ್ಲ ಸಂಜೆಗಿರಲಿ.

ಒಂದು ತೊಡಕಿದೆ. ಕೆಂಪು ವಸ್ತು ಕೆಂಪು ಬೆಳಕನ್ನಷ್ಟೇ ಹಿಂತಿರುಗಿಸುತ್ತದೆ. ನಿಮ್ಮ ನೀಲಿ ರಾತ್ರಿಯಲ್ಲಿ ಅದಕ್ಕೆ ಹಿಂತಿರುಗಿಸಲು ಏನೂ ಇಲ್ಲ, ಆದ್ದರಿಂದ ರಕ್ತ ಡಾಂಬರಿನ ಬಣ್ಣಕ್ಕೆ ತಿರುಗುತ್ತದೆ. ಟಾರ್ಚಿಗೆ ಕಿತ್ತಳೆ ಬಣ್ಣದ ಕಾಗದ ಸುತ್ತಿ ಗಾಯದ ಮೇಲಷ್ಟೇ ಬಿಡಿ.

ಗಾಯ ಕ್ಯಾಮೆರಾದ ಮುಂದೆಯೇ ಮೂಡಬೇಕೆ? ಬಿಳಿ ಅಂಗಿಯ ಅರಿಶಿನದ ಕಲೆ ಸೋಪು ತಾಗಿದೊಡನೆ ಕೆಂಪಾಗುವುದನ್ನು ಎಲ್ಲರೂ ಕಂಡಿದ್ದೇವೆ. ಅರಿಶಿನದ ಕರ್ಕ್ಯುಮಿನ್ ಕ್ಷಾರದಲ್ಲಿ ಕೆಂಪು, ಹುಳಿಯಲ್ಲಿ ಹಳದಿ. ಅರಿಶಿನ ಹಚ್ಚಿದ ಮದುಮಗಳ ತೋಳಿನ ಮೇಲೆ, ಗಟ್ಟಿ ಸೋಪಿನ ನೀರಲ್ಲಿ ಅದ್ದಿದ ಮೊಂಡ ರಟ್ಟಿನ ಚೂರಿಯನ್ನು ಎಳೆಯಿರಿ. ಎಳೆದಲ್ಲೆಲ್ಲ ಕೆಂಪು ಗೆರೆ ಏಳುತ್ತದೆ. ನಿಂಬೆರಸದ ಬಟ್ಟೆಯಿಂದ ಒರೆಸಿದರೆ ಗಾಯ ಮಾಯ. ಎಡಿಟಿಂಗ್ ಇಲ್ಲದೆ ಒಂದೇ ಶಾಟಿನಲ್ಲಿ ಗಾಯವಾಗಿ ವಾಸಿಯೂ ಆಗುವ ಈ ದೃಶ್ಯ ಯಾವ ಗ್ರಾಫಿಕ್ಸಿಗೂ ಕಡಿಮೆಯಲ್ಲ. ಓಕುಳಿಗೆ ಬಳಸುವ ಸುಣ್ಣ ಅರಿಶಿನವನ್ನು ಇನ್ನೂ ಚೆನ್ನಾಗಿ ಕೆಂಪೇರಿಸುತ್ತದೆ, ಆದರೆ ಅದು ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ. ಸುಣ್ಣ ಬೇಡ.

ಸದ್ದಿನ ಕಡೆ ಹೊಸಬರು ಕಿವಿಯನ್ನೇ ಕೊಡುವುದಿಲ್ಲ, ಅರ್ಧ ಸಿನಿಮಾ ಅಲ್ಲೇ ಸೋಲುತ್ತದೆ. ರಬಕವಿ-ಬನಹಟ್ಟಿಯಲ್ಲಿ ಶೂಟ್ ಮಾಡುವವರಿಗೆ ಪವರ್‌ಲೂಮ್ ಮೊದಲ ಶತ್ರು. ಹಗಲಲ್ಲಿ ಕಾದ ನೆಲದ ಬಳಿಯ ಗಾಳಿ ಬಿಸಿಯಾಗಿದ್ದು ಸದ್ದು ಮೇಲಕ್ಕೆ ಬಾಗಿ ಹೋಗುತ್ತದೆ. ರಾತ್ರಿ ನೆಲ ತಣಿದು, ತಂಪು ಗಾಳಿ ಕೆಳಗೆ, ಬೆಚ್ಚಗಿನದು ಮೇಲೆ ಆದಾಗ ಅದೇ ಸದ್ದು ನೆಲದತ್ತ ಬಾಗಿ ದೂರದೂರಕ್ಕೆ ಕೇಳಿಸುತ್ತದೆ. ಊರಾಚೆಯ ಹೊಲದಲ್ಲಿ ಪಿಸುಮಾತು ರೆಕಾರ್ಡ್ ಮಾಡಿದರೂ ಅದರ ಹಿಂದೆ ಮಗ್ಗ ಖಟಖಟ ಎನ್ನುತ್ತಿರುತ್ತದೆ. ಮಾತಿನ ಸೀನನ್ನು ಮಗ್ಗ ನಿಂತ ಹೊತ್ತಿಗೆ ಇಟ್ಟುಕೊಳ್ಳಿ, ಇಲ್ಲವೇ ಆಮೇಲೆ ಡಬ್ ಮಾಡಿ.

ಅದೇ ಮಗ್ಗ ನಿಮ್ಮ ಮಿತ್ರನೂ ಹೌದು. ಮಾಲೀಕರನ್ನು ಕೇಳಿ, ಲಾಳಿ ಓಡುವ ಸದ್ದನ್ನು ಹತ್ತಿರದಿಂದ ರೆಕಾರ್ಡ್ ಮಾಡಿ ಅರ್ಧ ವೇಗಕ್ಕೆ ಇಳಿಸಿ. ಆವರ್ತನ ಅರ್ಧವಾಗಿ, ಸ್ಥಾಯಿ ಪೂರ್ತಿ ಒಂದು ಸಪ್ತಕ ಕೆಳಗಿಳಿಯುತ್ತದೆ. ಹುಟ್ಟಿದಂದಿನಿಂದ ಮಗ್ಗ ಕೇಳಿದವರಿಗೂ ಅದೇನೆಂದು ತಿಳಿಯುವುದಿಲ್ಲ. ಪರಿಚಿತ ಸದ್ದು ಹೀಗೆ ಹದ ತಪ್ಪಿದಾಗ ಹುಟ್ಟುವ ಅಳುಕನ್ನು ಪೇಟೆಯಿಂದ ಕೊಂಡು ತಂದ ಸಂಗೀತ ಹುಟ್ಟಿಸಲಾರದು.

ಕಿರುಚಾಟಕ್ಕೂ ಲೆಕ್ಕವಿದೆ. ಮಾತಿನಲ್ಲಿ ದನಿಯ ಏರಿಳಿತ ಸೆಕೆಂಡಿಗೆ ನಾಲ್ಕೈದು ಸಲ. ಕಿರುಚಿದಾಗ ಅದು ಸೆಕೆಂಡಿಗೆ 30ರಿಂದ 150 ಸಲ ನಡುಗಿ ಒರಟಾಗುತ್ತದೆ, ಮಿದುಳು ಈ ಒರಟುತನವನ್ನು ಅಪಾಯವೆಂದು ಓದುತ್ತದೆ ಎಂದು 2015ರ ಅಧ್ಯಯನವೊಂದು ತೋರಿಸಿತು. ಆದ್ದರಿಂದ ಜೋರಾಗಿ ಕೂಗುವವರಿಗಿಂತ ದನಿ ಒಡೆದು ಕೂಗುವವರನ್ನು ಆರಿಸಿ.

ಜಾಗಗಳ ವಿಷಯದಲ್ಲಿ ನನಗೆ ಸ್ವಲ್ಪ ಕಟುವಾಗಿ ಹೇಳುವುದಿದೆ. ಆಲಮಟ್ಟಿ ಹಿನ್ನೀರಿನಿಂದಾಗಿ ಜನ ಬಿಟ್ಟುಹೋದ ಬೀಳಗಿ ತಾಲ್ಲೂಕಿನ ಮುಳುಗಡೆ ಮನೆಗಳು ಕ್ಯಾಮೆರಾಕ್ಕೆ ಸೊಗಸಾಗಿ ಕಾಣುತ್ತವೆ. ಆದರೆ ನೀರು ಹೀರಿದ ಮಣ್ಣಿನ ಗೋಡೆ ತನ್ನ ಬಿಗಿಯನ್ನೇ ಕಳೆದುಕೊಂಡಿರುತ್ತದೆ, ಒಣಗಿ ಗಟ್ಟಿ ಕಂಡರೂ ಒಂದು ತಳ್ಳಿಗೆ ಕುಸಿಯಬಲ್ಲದು. ಒಳಗೆ ಹೋಗದೆ ಹೊರಗಿನಿಂದಲೇ ಚಿತ್ರಿಸಿ. ಆ ಮನೆಗಳು ಯಾರದೋ ಅಜ್ಜಿ ತವರೆಂದು ನೆನೆಯುವ ಜಾಗ, ದೆವ್ವದ ಮನೆ ಎಂದು ಊರಿನ ಹೆಸರು ಹಾಕಬೇಡಿ. ಬೀಳಗಿಯ ಅರೆತ್ತಿನ ಬಾವಿಯಂಥ ಕಲ್ಲುಕಟ್ಟಡಗಳಲ್ಲಿ ಸದ್ದು ಮಾರ್ದನಿಸುವುದು ಚೆಂದ. ಅಲ್ಲಿ ಅನುಮತಿ ಬೇಕು, ಬೆಲ್ಲದ ರಕ್ತ ಕಲ್ಲಿಗೆ ಸೋಕಬಾರದು. ಹೊಲದ ಪಾಳುಬಾವಿಗಳಿಗೆ ಇಳಿಯಲೇಬೇಡಿ, ತಳದಲ್ಲಿ ಉಸಿರುಗಟ್ಟಿಸುವ ಅನಿಲ ನಿಂತಿರಬಹುದು.

ಕಬ್ಬಿನ ಗದ್ದೆಯ ಓಟದ ಸೀನಿಗೆ ಮೊಣಕಾಲವರೆಗಿನ ಬೂಟು, ಕೈಯಲ್ಲಿ ಟಾರ್ಚು ಇರಲಿ. ಇಲಿಗಳನ್ನು ಹುಡುಕಿ ನಾಗರ, ಕೊಳಕುಮಂಡಲ ಅಲ್ಲಿಗೆ ಬರುತ್ತವೆ. ಕಚ್ಚಿದರೆ ಕೊಯ್ಯುವುದು, ಕಟ್ಟುವುದು, ಮಂತ್ರ ಹಾಕಿಸುವುದು ಬೇಡ. ಅಲುಗಾಡಿಸದೆ 108 ಕರೆಸಿ ಆಸ್ಪತ್ರೆಗೆ ಒಯ್ಯಿರಿ. ಮತ್ತು ದೆವ್ವದ ವೇಷದಲ್ಲಿ ರಸ್ತೆಗೆ ಹೋಗಬೇಡಿ. 2019ರ ನವೆಂಬರಿನಲ್ಲಿ ಬೆಂಗಳೂರಿನ ಯಶವಂತಪುರದ ಕಡೆ ಹೀಗೆ ದಾರಿಹೋಕರನ್ನು ಹೆದರಿಸಿ ವಿಡಿಯೊ ಮಾಡುತ್ತಿದ್ದ ಏಳು ಯುವಕರನ್ನು ಪೊಲೀಸರು ಬಂಧಿಸಿದ್ದರು. ಶೂಟಿಂಗಿನ ದಿನ, ಜಾಗ, ಜನರ ಹೆಸರು ಬರೆದು ಠಾಣೆಗೂ ಪಂಚಾಯಿತಿಗೂ ಮೊದಲೇ ಕೊಡಿ.

ಕೊನೆಗೊಂದು ಕೋರಿಕೆ. ಅರಿಶಿನ ಕೆಂಪಾಗುವುದನ್ನೇ ಪವಾಡವೆಂದು, ಭಾನಾಮತಿಯೆಂದು ತೋರಿಸಿ ಬಡವರಿಂದ ದುಡ್ಡು ಕೀಳುವವರು ಇನ್ನೂ ಇದ್ದಾರೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ಕಟ್ಟಿದರು. ಮಾಟಮಂತ್ರದ ವಿರುದ್ಧ ರಾಜ್ಯದ 2017ರ ಕಾಯ್ದೆ 2020ರ ಜನವರಿಯಲ್ಲಿ ಜಾರಿಗೆ ಬಂತು. ನಿಮ್ಮ ಸಿನಿಮಾವನ್ನು ಊರ ಶಾಲೆಯಲ್ಲಿ ತೋರಿಸಿದ ಮೇಲೆ ತೆರೆ ಮಡಚುವ ಮೊದಲು ಮಕ್ಕಳನ್ನು ಮುಂದೆ ಕರೆದು, ಅವರ ಕೈಗೇ ಅರಿಶಿನ, ಸೋಪು, ನಿಂಬೆಹಣ್ಣು ಕೊಟ್ಟು ಆ ಗಾಯವನ್ನು ಅವರಿಂದಲೇ ಮಾಡಿಸಿ.